ಕಚೇರಿಯ ಫಾಲ್ಸ್ ಸೀಲಿಂಗ್‌ನಲ್ಲಿ ದೀಪಗಳ ಬದಲಾವಣೆ: ಸದಸ್ಯರು ಗಮನಿಸಬೇಕಾದ ಅಂಶಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಫಾಲ್ಸ್ ಸೀಲಿಂಗ್ ಇರುವ ಕಚೇರಿಗಳಲ್ಲಿ ನಾಲ್ಕು ಟ್ಯೂಬ್‌ಗಳ ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಪ್ಯಾನೆಲ್ ಅಳವಡಿಸುವ ಪ್ರಸ್ತಾವವು ಸಾಮಾನ್ಯ ಸಭೆಯ ಮುಂದೆ ಬಂದಾಗ, ಅಂದಾಜು ಪಟ್ಟಿಯಲ್ಲಿ ಬಹುಮಟ್ಟಿಗೆ ಒಂದೇ ಸಾಲು ಇರುತ್ತದೆ: ಇಷ್ಟು ದೀಪ, ಇಷ್ಟು ದರ. ಆ ಒಂದು ಸಾಲು ಸಾಲದು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಉಳಿತಾಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 18 ವ್ಯಾಟ್‌ನ ನಾಲ್ಕು ಟ್ಯೂಬ್‌ಗಳೆಂದರೆ 72 ವ್ಯಾಟ್; ಚೋಕ್ ನುಂಗುವುದು ಬೇರೆ. ಆ ಜಾಗಕ್ಕೆ ಸಾಮಾನ್ಯವಾಗಿ 36 ವ್ಯಾಟ್‌ನ ಪ್ಯಾನೆಲ್ ಸಾಕು. ದಿನಕ್ಕೆ 8 ಗಂಟೆಯಂತೆ 25 ದಿನ ಉರಿಯುವ 10 ದೀಪಗಳಿಂದ ತಿಂಗಳಿಗೆ 72 ಯೂನಿಟ್ ಉಳಿಯುತ್ತದೆ. ಖರೀದಿಗೆ ಮುನ್ನ ಚೌಕವನ್ನು ಅಳೆಸಿರಿ. ಮಾರುಕಟ್ಟೆಯ ಪ್ಯಾನೆಲ್ 595 ಮಿಲಿಮೀಟರ್ ಇದ್ದು, 600 ಮಿಲಿಮೀಟರ್ ಚೌಕಕ್ಕೆ ಹೊಂದುತ್ತದೆ. ಅಡಿಯ ಲೆಕ್ಕದಲ್ಲಿ ಮಾಡಿದ ಚೌಕಟ್ಟಿನಲ್ಲಿ ಅದರ ಅಂಚಿಗೆ ಆಸರೆ ಕಡಿಮೆಯಾಗುತ್ತದೆ.

ನಿಜವಾದ ಪ್ರಶ್ನೆ ಇರುವುದು ಹಲಗೆಗಳ ಮೇಲೆ. ಒಮ್ಮೆ ಮುಚ್ಚಿದ ಸೀಲಿಂಗನ್ನು ಮತ್ತೆ ತೆರೆದು ನೋಡುವವರು ವಿರಳ. ಆ ಜಾಗದ ಪರಿಚಯ ಚೆನ್ನಾಗಿರುವುದು ಇಲಿಗಳಿಗೆ ಮಾತ್ರ. ತಂತಿಗಳನ್ನು ಪೈಪಿನಲ್ಲಿ ಸಾಗಿಸದೆ ಹಲಗೆಗಳ ಮೇಲೆಯೇ ಹರಡಿರುವುದು, ಜೋಡಣೆಗಳಿಗೆ ಪೆಟ್ಟಿಗೆಯಿಲ್ಲದೆ ಬರಿಯ ಟೇಪು ಸುತ್ತಿರುವುದು, ಭೂ ಸಂಪರ್ಕದ ತಂತಿಯನ್ನು ಅರ್ಧಕ್ಕೆ ಬಿಟ್ಟಿರುವುದು ಅಲ್ಲಿ ಕಂಡುಬರುವ ದೋಷಗಳು. ಸೀಲಿಂಗಿನ ಚೌಕಟ್ಟು ಲೋಹದ್ದು. ಸಿಪ್ಪೆ ಕಿತ್ತ ಒಂದು ತಂತಿ ಅದಕ್ಕೆ ತಾಗಿದರೆ ವಿದ್ಯುತ್ತು ಒಂದು ದೀಪಕ್ಕೆ ಸೀಮಿತವಾಗದೆ ಚೌಕಟ್ಟಿಗೆಲ್ಲ ಹರಿಯಬಹುದು. ಇಂಥ ವೈರಿಂಗ್‌ಗೆ ಹೊಸ ದೀಪವನ್ನು ಜೋಡಿಸಿದರೆ ಬೆಳಕು ಬರುತ್ತದೆ, ಅಪಾಯ ಹೋಗುವುದಿಲ್ಲ. ಆದುದರಿಂದ ವೈರಿಂಗ್ ಪರಿಶೀಲನೆ, ದುರಸ್ತಿ ಮತ್ತು ಭೂ ಸಂಪರ್ಕದ ಪರೀಕ್ಷೆಗಳು ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಬಾಬುಗಳಾಗಿ ಇರತಕ್ಕದ್ದು.

ತೂಕದ ವಿಷಯವೂ ಅಷ್ಟೇ ಮುಖ್ಯವಾದುದು. ಸೀಲಿಂಗಿನ ಚೌಕಟ್ಟು ಮುಖ್ಯವಾಗಿ ಹಲಗೆಗಳ ಭಾರಕ್ಕಾಗಿ ಮಾಡಿದ್ದು. ಪ್ಯಾನೆಲ್ ಹಗುರವೆಂದು ಅದರ ಮೇಲೆ ಸುಮ್ಮನೆ ಕೂರಿಸಿ ಹೋಗುವುದುಂಟು. ಪ್ರತಿ ದೀಪವನ್ನೂ ತಂತಿ ಅಥವಾ ಸರಪಳಿಯಿಂದ ಮೇಲಿನ ಆರ್‌ಸಿಸಿ ಚಾವಣಿಗೆ ಬಿಗಿಯಬೇಕು. ಮಳೆನೀರು ಸೋರಿ ಹಲಗೆ ಕುಸಿದ ದಿನ, ಕೆಳಗೆ ಅರ್ಜಿ ಹಿಡಿದು ನಿಂತ ವೃದ್ಧೆಯ ತಲೆಯ ಮೇಲೆ ದೀಪ ಬೀಳದಂತೆ ತಡೆಯುವುದು ಆ ತಂತಿಯೇ. ಅದರ ವೆಚ್ಚ ಅತ್ಯಲ್ಪ.

ಕಾಮಗಾರಿಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಗೋಡೆಯ ಸ್ವಿಚ್ ಆರಿಸಿದ ಮಾತ್ರಕ್ಕೆ ತಂತಿ ನಿರ್ಜೀವವೆಂದು ಭಾವಿಸಲಾಗದು. ನಮ್ಮ ಕಚೇರಿಗಳಲ್ಲಿ ಗಣಕಯಂತ್ರಗಳಿಗಾಗಿ ಯುಪಿಎಸ್ ಇರುತ್ತದೆ. ಕೆಲವೆಡೆ ದೀಪಗಳಿಗೂ ಅದರ ಸಂಪರ್ಕವಿರುತ್ತದೆ. ಮೇನ್ ಸ್ವಿಚ್ ಆರಿಸಿದ ಮೇಲೂ ಆ ತಂತಿಯಲ್ಲಿ ವಿದ್ಯುತ್ತು ಇರಬಲ್ಲದು. ಏಣಿಯ ಮೇಲಿರುವ ಕೆಲಸಗಾರನಿಗೆ ಸಣ್ಣ ಆಘಾತವೂ ಬೀಳಲು ಸಾಕು. ಆದುದರಿಂದ ಎರಡನ್ನೂ ಆರಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಸಾರ್ವಜನಿಕರ ಪ್ರವೇಶವಿಲ್ಲದ ವೇಳೆಯಲ್ಲಿ ಕೆಲಸ ನಡೆಸಬೇಕು.

ತೆಗೆದ ಹಳೆಯ ಟ್ಯೂಬ್‌ಗಳಲ್ಲಿ ಪಾದರಸವಿದೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಅವೂ ಸೇರುತ್ತವೆ. ಅವನ್ನು ಸ್ವಚ್ಛ ವಾಹಿನಿಗೆ ಎಸೆದರೆ ಒಡೆದ ಗಾಜನ್ನೂ ಪಾದರಸದ ಆವಿಯನ್ನೂ ಎದುರಿಸಬೇಕಾದವರು ನಮ್ಮದೇ ಸ್ವಸಹಾಯ ಸಂಘದ ಮಹಿಳೆಯರು. ಒಡೆಯದಂತೆ ರಟ್ಟಿನ ಪೆಟ್ಟಿಗೆಯಲ್ಲಿರಿಸಿ, ದಾಸ್ತಾನು ವಹಿಯಲ್ಲಿ ನಮೂದಿಸಿ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು.

ಬಿಲ್ಲು ಪಾವತಿಯ ವಿಷಯ ಸಭೆಗೆ ಬಂದಾಗ ಅಳತೆ ಪುಸ್ತಕದೊಡನೆ, ಹಲಗೆಗಳನ್ನು ಮುಚ್ಚುವ ಮುನ್ನ ತೆಗೆದ ಛಾಯಾಚಿತ್ರಗಳನ್ನೂ ಕೇಳಿರಿ. ಪೈಪು, ಜೋಡಣೆ ಪೆಟ್ಟಿಗೆ, ಭೂ ಸಂಪರ್ಕದ ತಂತಿ, ಚಾವಣಿಗೆ ಬಿಗಿದ ತೂಗುತಂತಿ ಈ ನಾಲ್ಕೂ ಅವುಗಳಲ್ಲಿ ಕಾಣಬೇಕು. ಕಾಣದಿದ್ದಲ್ಲಿ ಎರಡು ಹಲಗೆ ತೆಗೆಸಿ ನೋಡಿದ ಬಳಿಕವೇ ಅನುಮೋದನೆ ನೀಡಬಹುದು.