ಗಾನವೇ ಕಾಯಕ, ಗಾನವೇ ಕಾಣಿಕೆ



ಸಂಗೀತವನ್ನೇ ಜೀವನೋಪಾಯವಾಗಿ ಆರಿಸಿಕೊಳ್ಳುವೆನೆಂದು ಮಕ್ಕಳು ಹೇಳಿದಾಗ ಚಿಕ್ಕಬಳ್ಳಾಪುರ ಸೀಮೆಯ ತಂದೆತಾಯಿಗಳು ಕಳವಳಗೊಳ್ಳುವುದು ಸಹಜ. ಭಾನುವಾರ ಬಲಿಪೂಜೆಯಲ್ಲಿ ಹಾಡಲಿ, ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿರಲಿ ಎಂಬುದು ಅವರ ವಾದ. ಆದರೆ ಮಂಗಳೂರಿನ ವಿಲ್ಫಿ ರೆಬಿಂಬಸ್ (1942–2010) ಅವರನ್ನು ನೆನೆಯಿರಿ. ‘ಕೊಂಕಣ ಕೋಗಿಲೆ’ ಎನಿಸಿದ ಅವರು ಜನಜೀವನದ ಸುಖದುಃಖಗಳನ್ನು ವೇದಿಕೆಯಲ್ಲಿ ಹಾಡಿದರು, ಭಕ್ತಿಗೀತೆಗಳನ್ನೂ ರಚಿಸಿದರು. ಎರಡೂ ಒಂದೇ ಹೃದಯದಿಂದ ಹೊಮ್ಮಿದವು.

ಅವರು ತಮ್ಮ ನುಡಿಯಲ್ಲಿ ಹಾಡಿದರು. ನಮ್ಮ ಸೀಮೆಗೂ ಸ್ವಂತ ಸ್ವರವುಂಟು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣರ ತೆಲುಗು, ಕನ್ನಡ ಕೀರ್ತನೆಗಳು ಇಂದಿಗೂ ಮೊಳಗುತ್ತಿವೆ. ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಮನ್ನಣೆ ಸಲ್ಲಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಸಾರಿತು. ಈ ಮಣ್ಣಿನ ರಾಗತಾಳಗಳನ್ನು ಗುರುಮುಖೇನ ಕಲಿಯದೆ ಆ ಮಾತನ್ನು ನೆರವೇರಿಸುವುದೆಂತು? ಕಲಿಯಲು ವರ್ಷಗಳು ಬೇಕು. ವರ್ಷಗಳನ್ನು ಮುಡಿಪಿಟ್ಟವರಿಗೆ ಅನ್ನವೂ ಬೇಕು.

ಆದುದರಿಂದ ಯುವಜನರೇ, ನಿತ್ಯಸಾಧನೆಯೇ ನಿಮ್ಮ ಕಾಣಿಕೆಯಾಗಲಿ. ದೇವಾಲಯದಲ್ಲಿ ತೋರುವ ಶ್ರದ್ಧೆಯನ್ನೇ ಮದುವೆಮನೆಯ ಕಛೇರಿಯಲ್ಲಿಯೂ ತೋರಿರಿ. ಹಿರಿಯರೇ, ಹಬ್ಬದಂದು ತಬಲ ನುಡಿಸಿದವನನ್ನು ಹಾರ ಹಾಕಿ ಬರಿಗೈಯಲ್ಲಿ ಕಳುಹದಿರಿ. ದುಡಿದವನಿಗೆ ಕೂಲಿ ಸಲ್ಲತಕ್ಕದ್ದೆಂಬುದು ಶುಭಸಂದೇಶದ ಬೋಧನೆಯೇ ಅಲ್ಲವೇ?

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ದೇವಾಲಯವು ಅಂಥ ಗಾಯಕರ ತಾಯಿಮನೆಯಾಗಲಿ.