ದಿನ ತುಂಬಿ ಹುಟ್ಟಲಿ ನಮ್ಮೂರ ಕೂಸು
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಗಬ್ಬದ ಹಸುವಿಗೆ ಕರು ಹಾಕುವ ಎರಡು ತಿಂಗಳ ಮುಂಚೆಯೇ ನಾವು ಹಾಲು ಬತ್ತಿಸ್ತೀವಿ, ಹಿಂಡಿ ಹೆಚ್ಚು ಹಾಕ್ತೀವಿ. ಮನೆಯ ಬಸುರಿ ಸೊಸೆ ಮಾತ್ರ ಏಳನೇ ತಿಂಗಳಲ್ಲೂ ಹುಲ್ಲಿನ ಹೊರೆ ಹೊರಬೇಕು. ಇದು ನ್ಯಾಯವೇ?

37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಉಸಿರಾಡುವುದು, ಹಾಲು ಚೀಪುವುದು, ಮೈ ಬಿಸಿ ಉಳಿಸಿಕೊಳ್ಳುವುದು ಎಲ್ಲವೂ ಕಷ್ಟ. ಇಂಥ ಹೆರಿಗೆಗಳನ್ನೆಲ್ಲ ತಡೆಯಲಾಗದು ನಿಜ. ಆದರೆ ರಕ್ತಹೀನತೆ, ಮೂತ್ರದ ಸೋಂಕು, ರಕ್ತದೊತ್ತಡ ಬೇಗ ಪತ್ತೆಯಾದರೆ ಅಪಾಯ ತಗ್ಗುತ್ತದೆ.

ಆದ್ದರಿಂದ ಮೂರು ತಿಂಗಳೊಳಗೇ ತಾಯಿ ಕಾರ್ಡ್ ಮಾಡಿಸೋಣ. ಕಬ್ಬಿಣಾಂಶದ ಮಾತ್ರೆ ತಪ್ಪಿಸುವುದು ಬೇಡ. 18 ತುಂಬದ ಹುಡುಗಿಗೆ ಮದುವೆಯಂತೂ ಬೇಡವೇ ಬೇಡ. ದಿನ ತುಂಬುವ ಮೊದಲೇ ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡೋಣ.

ಜೈ ಸಹಕಾರ.