ಓದು ಒಕ್ಕಾಲು, ಬುದ್ಧಿ ಮುಕ್ಕಾಲು

(ರೋಗಿಗಳು ಹಾಗೂ ಅವರ ಜೊತೆಗಿರುವ ಬಂಧುಗಳಿಗಾಗಿ ನಡೆದ ಚಿಂತನ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸ)



ಆಸ್ಪತ್ರೆಗೆ ಬಂದವರಿಗೆ ಎರಡು ಕಷ್ಟಗಳಿರುತ್ತವೆ. ಒಂದು ಕಾಯಿಲೆಯದು. ಅದನ್ನು ವೈದ್ಯರು, ದಾದಿಯರು ನೋಡಿಕೊಳ್ಳುತ್ತಾರೆ. ಇನ್ನೊಂದು, ಹೊತ್ತು ಹೋಗದಿರುವುದು. ಸರಗೂರು, ಅಂತರಸಂತೆ, ಹಂಪಾಪುರದ ಕಡೆಯಿಂದ ಹೊಲಮನೆ, ದನಕರು ಬಿಟ್ಟು ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತವರಿಗೆ ಒಂದು ಗಳಿಗೆ ಒಂದು ದಿನದಂತೆ ಕಾಣುತ್ತದೆ. ಕೈಗೆ ಕೆಲಸವಿಲ್ಲದಾಗ ಮನಸ್ಸು ಸುಮ್ಮನಿರುವುದಿಲ್ಲ. ಭಯ, ಸಾಲದ ಚಿಂತೆ, ಮುಂದೇನು ಎಂಬ ಕಳವಳ ಒಂದರ ಹಿಂದೆ ಒಂದು ಬರುತ್ತವೆ. ಈ ಹೊತ್ತಿನಲ್ಲಿ ಒಂದು ಒಳ್ಳೆಯ ಪುಸ್ತಕ ಜೊತೆಗಿದ್ದರೆ ಎಷ್ಟು ಉಪಕಾರ ಎಂಬುದನ್ನು ಇಂದು ತಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

“ಸ್ವಾಮಿ, ನಮಗೆ ಅಕ್ಷರ ಬರುವುದಿಲ್ಲ, ಓದಿನ ಮಾತು ನಮಗೇಕೆ?” ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಸಂಕೋಚ ಬೇಡ. ನಮ್ಮ ಸೀಮೆಯಲ್ಲಿ ಓದು ಎಂದೂ ಒಬ್ಬರ ಸ್ವತ್ತಾಗಿರಲಿಲ್ಲ. ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು, ಕಂಸಾಳೆಯವರು ಮಾದಪ್ಪನ ಕಥೆಯನ್ನು ಇರುಳೆಲ್ಲ ಹಾಡುವುದನ್ನು ತಾವು ಕೇಳಿದ್ದೀರಿ. ಅವರಲ್ಲಿ ಅನೇಕರು ಶಾಲೆಯ ಮುಖ ಕಂಡವರಲ್ಲ. ಆದರೂ ಇಡೀ ಕಾವ್ಯ ಅವರ ನಾಲಗೆಯ ಮೇಲಿತ್ತು. ವಿದ್ವಾಂಸರು ಆಮೇಲೆ ಅವರ ಬಾಯಿಂದ ಕೇಳಿಯೇ ಅದನ್ನು ಪುಸ್ತಕವಾಗಿ ಬರೆದುಕೊಂಡರು. ಹಾಗೆಯೇ ಕುಮಾರವ್ಯಾಸನ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರವರೆಲ್ಲ ಕುಳಿತು ಕೇಳುವುದು ನಮ್ಮ ಹಳೆಯ ರೂಢಿ. ಓದಿದವನು ಒಬ್ಬ, ತಿಳಿದುಕೊಂಡವರು ನೂರು ಮಂದಿ. ಕೇಳಿ ತಿಳಿಯುವುದೂ ಓದೇ.

ಓದಿನ ಬೆಲೆ ಅರಿತ ಇಬ್ಬರ ವಿಷಯ ಹೇಳುತ್ತೇನೆ. ಇಬ್ಬರೂ ನಮ್ಮ ಹತ್ತಿರದವರು, ಇಬ್ಬರೂ ಸಿರಿವಂತರಲ್ಲ.

ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರೆಂಬುವರ ‘ಪುಸ್ತಕ ಮನೆ’ ಇದೆ. ಅವರು ಮೊದಲು ಬಸ್ ಕಂಡಕ್ಟರ್ ಆಗಿದ್ದರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದರು. ಇಪ್ಪತ್ತರ ವಯಸ್ಸಿನಲ್ಲಿ ಪುಸ್ತಕ ಕೂಡಿಸುವುದಕ್ಕೆ ಕೈ ಹಾಕಿದವರು ಸಂಬಳದ ಬಹುಪಾಲನ್ನು ಅದಕ್ಕೇ ಸುರಿದರು. ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿದರು. ಇಂದು ಅಲ್ಲಿ ಲಕ್ಷಾಂತರ ಪುಸ್ತಕಗಳಿವೆ, ಯಾರು ಬೇಕಾದರೂ ಹಣ ಕೊಡದೆ ಹೋಗಿ ಓದಬಹುದು. 2026ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಇನ್ನೊಬ್ಬರು ಮೈಸೂರು ರಾಜೀವನಗರದ ಸೈಯದ್ ಇಸಾಕ್ ಅವರು. ಕೂಲಿ ಮಾಡಿ ಬದುಕುವವರು. ಚಿಕ್ಕಂದಿನಲ್ಲಿ ಶಾಲೆ ಕಲಿಯುವ ಭಾಗ್ಯ ಅವರಿಗೆ ಸಿಗಲಿಲ್ಲ. ತನಗೆ ಸಿಗದ್ದು ಬೇರೆಯವರಿಗಾದರೂ ಸಿಗಲಿ, ಜನ ಕನ್ನಡ ಓದಲಿ ಎಂದು 2011ರಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯ ತೆರೆದರು. ತಮ್ಮ ದುಡಿಮೆಯ ಹಣದಿಂದಲೇ ದಿನಪತ್ರಿಕೆಗಳನ್ನು ತರಿಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಒಂದು ಬೆಳಗಿನ ಜಾವ ಗ್ರಂಥಾಲಯಕ್ಕೆ ಬೆಂಕಿ ಬಿದ್ದು, ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾದವು. ಹತ್ತು ವರ್ಷದ ಬೆವರು ಒಂದೇ ದಿನದಲ್ಲಿ ಹೋಯಿತು. ಆ ಮನುಷ್ಯ ಎದೆಗುಂದಲಿಲ್ಲ, ಮತ್ತೆ ಕಟ್ಟುತ್ತೇನೆಂದು ನಿಂತರು. ಸುದ್ದಿ ತಿಳಿದು ಜಾತಿ ಮತವೆನ್ನದೆ ಎಲ್ಲೆಲ್ಲಿಂದಲೋ ಜನ ನೆರವಿಗೆ ಬಂದರು.

ಬಂಧುಗಳೇ, ಇಲ್ಲಿ ಒಂದು ವಿಚಾರ ಗಮನಿಸಬೇಕು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಓದಿದವರನ್ನು ಹಂಗಿಸಲು ಬಳಸುತ್ತೇವೆ. ಓದಿಲ್ಲದಿದ್ದರೂ ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ನಾಲ್ಕಾಣೆ ಇಲ್ಲದೆ ರೂಪಾಯಿ ತುಂಬುತ್ತದೆಯೇ? ಒಕ್ಕಾಲೂ ಬೇಕು, ಮುಕ್ಕಾಲೂ ಬೇಕು. ಇಸಾಕ್ ಅವರಿಗೆ ಒಕ್ಕಾಲು ಸಿಕ್ಕಿರಲಿಲ್ಲ, ಮುಕ್ಕಾಲು ಇತ್ತು. ಅದಕ್ಕೇ ಆ ಒಕ್ಕಾಲಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಎಷ್ಟೋ ಜನಕ್ಕೆ ಒಕ್ಕಾಲು ಇದೆ, ಮುಕ್ಕಾಲು ಇನ್ನೂ ಬರಬೇಕಾಗಿದೆ.

ಆಸ್ಪತ್ರೆಯದೇ ಉದಾಹರಣೆ ನೋಡಿ. ಕ್ಷಯದ ರೋಗಿಗೆ ಸಾಮಾನ್ಯವಾಗಿ 6 ತಿಂಗಳು ಔಷಧಿ ಕೊಡುತ್ತಾರೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ತಗ್ಗುತ್ತದೆ, ಊಟ ಸೇರುತ್ತದೆ. “ಇನ್ನೇಕೆ ಮಾತ್ರೆ” ಎಂದು ಕೆಲವರು ನಿಲ್ಲಿಸಿಬಿಡುತ್ತಾರೆ. ಉಳಿದ ರೋಗಾಣುಗಳು ಬಲಿತು, ಕಾಯಿಲೆ ಮರಳಿ ಬಂದಾಗ ಅದೇ ಔಷಧಿಗೆ ಬಗ್ಗದೆ ಹೋಗಬಹುದು. ಮನೆಯ ಮಕ್ಕಳಿಗೂ ಅಂಟಬಹುದು. ಚೀಟಿ ಓದಿದ್ದು ಒಕ್ಕಾಲು. ಮೈ ಹಗುರವಾದ ಮೇಲೂ ಮಾತು ಉಳಿಸಿಕೊಂಡು ಕೊನೆಯ ಮಾತ್ರೆಯವರೆಗೆ ನುಂಗಿದ್ದು ಮುಕ್ಕಾಲು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೂ ಇದೇ ಮಾತು. ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬಾರದು. ಶೀಲವೆಂದರೆ ಬೇರೇನೂ ಅಲ್ಲ, ಯಾರೂ ನೋಡದಾಗಲೂ ತಿಳಿದಂತೆ ನಡೆಯುವುದು.

ಇನ್ನು ಇಲ್ಲಿರುವಷ್ಟು ದಿನ ಮಾಡಬಹುದಾದ ಕೆಲವು ಸಣ್ಣ ಕೆಲಸಗಳನ್ನು ಹೇಳುತ್ತೇನೆ.

ಅಕ್ಷರ ಬಲ್ಲವರು ದಿನಕ್ಕೆ ಅರ್ಧ ಗಂಟೆ ತಮ್ಮ ರೋಗಿಗೆ ಓದಿ ಹೇಳಿ. ಕಥೆಯಾಗಲಿ, ಮಹನೀಯರ ಚರಿತ್ರೆಯಾಗಲಿ, ಪತ್ರಿಕೆಯ ಒಳ್ಳೆಯ ಸುದ್ದಿಯಾಗಲಿ, ಮೆಲ್ಲಗೆ, ನಿಧಾನವಾಗಿ ಓದಿ. ಪಕ್ಕದ ಹಾಸಿಗೆಯ ಅಜ್ಜನಿಗೋ ಅಜ್ಜಿಗೋ ಯಾರೂ ಇಲ್ಲದಿದ್ದರೆ ಅವರನ್ನೂ ಕೇಳಿ, ಇಷ್ಟಪಟ್ಟರೆ ಅವರಿಗೂ ಕೇಳಿಸುವಂತೆ ಓದಿ. ನಿದ್ದೆ ಬಂದವರಿದ್ದರೆ ನಿಲ್ಲಿಸಿ.

ಮನೆಗೆ ಹೊರಡುವ ದಿನ ಔಷಧಿ ಚೀಟಿಯನ್ನು ಮನೆಯ ಇಬ್ಬರು ಓದಿಸಿಕೊಂಡು ಅರ್ಥ ಮಾಡಿಕೊಳ್ಳಿ. ಯಾವುದು ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ, ಎಷ್ಟು ದಿನ, ಮತ್ತೆ ಯಾವಾಗ ಬರಬೇಕು ಎಂದು ಕೇಳಿ. ತಿಳಿಯದಿದ್ದರೆ ಎರಡನೆಯ ಸಲ ಕೇಳಿ, ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಮಾತ್ರೆಯ ಅವಧಿ ಮುಗಿಯುವ ತಿಂಗಳು, ವರ್ಷವನ್ನು ಶಾಲೆಗೆ ಹೋಗುವ ಮಗುವಿನಿಂದಲಾದರೂ ಓದಿಸಿ ನೋಡಿ.

ಊರಿಗೆ ಹೋದ ಮೇಲೆ ಮಕ್ಕಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕಳುಹಿಸಿ. ಅದನ್ನು ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಗಿದೆ. ಮಗು ತಂದ ಪುಸ್ತಕವನ್ನು ಸಂಜೆ ಮನೆಯವರೆಲ್ಲ ಕುಳಿತು ಅದರ ಬಾಯಿಂದಲೇ ಕೇಳಿ. ಮಗುವಿಗೆ ಓದು ಬಲಿಯುತ್ತದೆ, ಹಿರಿಯರಿಗೆ ತಿಳಿವಳಿಕೆ ಬರುತ್ತದೆ. ಹಿರಿಯರು ಬಾಳಿನಲ್ಲಿ ಕಂಡದ್ದನ್ನು ಅದರ ಜೊತೆಗೆ ಸೇರಿಸಿ ಹೇಳಿದರೆ ಒಕ್ಕಾಲಿಗೆ ಮುಕ್ಕಾಲು ಕೂಡಿಕೊಳ್ಳುತ್ತದೆ.

ಕಾಯಿಲೆ ಯಾರಿಗೂ ಬೇಡ. ಬಂದಾಗ ಅದು ನಮ್ಮನ್ನು ನಾಲ್ಕು ದಿನ ಒಂದೆಡೆ ಕೂರಿಸುತ್ತದೆ. ಆ ನಾಲ್ಕು ದಿನದಲ್ಲಿ ಒಂದು ಒಳ್ಳೆಯ ಮಾತು ಕಿವಿಗೆ ಬಿದ್ದು, ಊರಿಗೆ ಹೋದ ಮೇಲೆ ಅದು ನಡತೆಯಲ್ಲಿ ಕಂಡರೆ ಅಷ್ಟೇ ಸಾಕು. ತಾವೆಲ್ಲರೂ ಬೇಗ ಗುಣಮುಖರಾಗಿ, ನಗುನಗುತ್ತ ಮನೆ ಸೇರುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.